ಸರ್ಕಾರದ ರೂಪಾಯಿ ಮತ್ತು ಹಳ್ಳಿಯ ಆಸ್ಪತ್ರೆ

(ರೇಡಿಯೋ ಭಾಷಣ)

1961ರ ಮಳೆಗಾಲ. ನನಗಾಗ 9 ವರ್ಷ. ನನ್ನ ಚಿಕ್ಕಮ್ಮನಿಗೆ ಚೊಚ್ಚಲ ಹೆರಿಗೆ. ಎರಡು ರಾತ್ರಿ, ಒಂದು ಹಗಲು ನೋವು ತಿಂದ ಮೇಲೆ ಸೂಲಗಿತ್ತಿ ಕೈ ತೊಳೆದುಕೊಂಡು ಹೊರಗೆ ಬಂದು, "ಇನ್ನು ನನ್ನ ಕೈಲಾಗದು, ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗಿ" ಎಂದಳು. ದೊಡ್ಡಾಸ್ಪತ್ರೆ 11 ಮೈಲಿ ದೂರದ ಪಟ್ಟಣದಲ್ಲಿತ್ತು. ಗಾಡಿಗೆ ಹುಲ್ಲು ಹಾಸಿ, ಕಂಬಳಿ ಹೊದಿಸಿ, ಚಿಕ್ಕಪ್ಪ ಎತ್ತು ಹೂಡಿದರು. ನಡುದಾರಿಯ ಹಳ್ಳ ತುಂಬಿ ಹರಿಯುತ್ತಿತ್ತು. ನೀರು ಇಳಿಯಲೆಂದು ದಡದ ಅರಳೀಕಟ್ಟೆಯ ಬಳಿ ಗಾಡಿ ನಿಲ್ಲಿಸಿಕೊಂಡು ಕಾಯುತ್ತಿದ್ದಾಗಲೇ ಚಿಕ್ಕಮ್ಮ ತೀರಿಕೊಂಡರು. ಮಗು ಹುಟ್ಟಲೇ ಇಲ್ಲ.

ಬೆಳಗ್ಗೆ ಗಾಡಿ ಮನೆಯ ಮುಂದೆ ಬಂದು ನಿಂತಾಗ ಅಜ್ಜಿ ಅಂದದ್ದು ಒಂದೇ ಮಾತು: "ಋಣ ಅಷ್ಟೇ ಇತ್ತು." ಆ ಮಾತನ್ನು ನಾನು ಬಹಳ ವರ್ಷ ನಂಬಿಕೊಂಡಿದ್ದೆ. ಮುಂದೆ ಆರೋಗ್ಯ ಇಲಾಖೆಯಲ್ಲಿ ಗುಮಾಸ್ತನಾಗಿ ಸೇರಿ, 37 ವರ್ಷ ಲೆಕ್ಕಪತ್ರ ಬರೆದ ಮೇಲೆ, ಚಿಕ್ಕಮ್ಮನ ಸಾವಿನಲ್ಲಿ ಋಣದ ಲೆಕ್ಕಕ್ಕಿಂತ ಹಣದ ಲೆಕ್ಕವೇ ಹೆಚ್ಚಾಗಿತ್ತೆಂದು ಮನವರಿಕೆಯಾಯಿತು. ಆ ಹಳ್ಳಕ್ಕೊಂದು ಸೇತುವೆ, ಹತ್ತಿರದಲ್ಲೊಬ್ಬ ತರಬೇತಿಯಾದ ದಾದಿ, ಕರೆದರೆ ಬರುವ ಒಂದು ವಾಹನ — ಇವುಗಳಲ್ಲಿ ಯಾವುದೊಂದಿದ್ದರೂ ಅವರು ಉಳಿಯಬಹುದಿತ್ತು. ಇವೆಲ್ಲವೂ ಸರ್ಕಾರದ ಆಯವ್ಯಯ ಪತ್ರದಲ್ಲಿ ಒಂದೊಂದು ಸಾಲಾಗಿ ಬರುವ ವಸ್ತುಗಳು. ಆ ಸಾಲು ಹೇಗೆ ಹುಟ್ಟುತ್ತದೆ, ಹೇಗೆ ಹಳ್ಳಿ ಮುಟ್ಟುತ್ತದೆ, ಎಲ್ಲಿ ನಿಂತುಹೋಗುತ್ತದೆ ಎಂಬುದನ್ನು ಲೆಕ್ಕದ ಮೇಜಿನ ಹಿಂದೆ ಕುಳಿತು ನಾನು ಕಂಡಷ್ಟು ಹೇಳಬಯಸುತ್ತೇನೆ.

ಹಳ್ಳಿಯವರ ಆರೋಗ್ಯಕ್ಕೆ ಸರ್ಕಾರ ಹಣ ಕೊಡಬೇಕೆಂಬ ವಿಚಾರ ನಮ್ಮ ನಾಡಿಗೆ ತೀರ ಹೊಸದಲ್ಲ. ಹಿಂದಿನ ಮೈಸೂರು ಸಂಸ್ಥಾನದಲ್ಲಿ 1929ರಷ್ಟು ಹಿಂದೆಯೇ, ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ, ಮಂಡ್ಯದಲ್ಲಿ ಒಂದು ಗ್ರಾಮೀಣ ಆರೋಗ್ಯ ಘಟಕ ಆರಂಭವಾಯಿತು. ಕಾಯಿಲೆ ಬಂದವರಿಗೆ ಔಷಧ ಕೊಡುವುದು ದವಾಖಾನೆಯ ಕೆಲಸ. ಕಾಯಿಲೆ ಬಾರದಂತೆ ಊರನ್ನೇ ನೋಡಿಕೊಳ್ಳುವುದು ಆರೋಗ್ಯ ಘಟಕದ ಕೆಲಸ. ಈ ಭೇದವನ್ನು ನಮ್ಮವರು ಅಷ್ಟು ಬೇಗ ಅರಿತಿದ್ದರು ಎಂಬುದು ಹೆಮ್ಮೆಯ ಸಂಗತಿ.

ಇಡೀ ಭಾರತಕ್ಕೆ ಅನ್ವಯಿಸುವ ನಕ್ಷೆಯನ್ನು ಬರೆದುಕೊಟ್ಟದ್ದು ಸರ್ ಜೋಸೆಫ್ ಭೋರ್ ಅವರ ಅಧ್ಯಕ್ಷತೆಯ ಸಮಿತಿ. 1943ರಲ್ಲಿ ನೇಮಕವಾದ ಈ ಸಮಿತಿ 1946ರಲ್ಲಿ ವರದಿ ಒಪ್ಪಿಸಿತು. ಕೈಯಲ್ಲಿ ಕಾಸಿಲ್ಲವೆಂಬ ಕಾರಣಕ್ಕೆ ಯಾರೂ ಚಿಕಿತ್ಸೆಯಿಂದ ವಂಚಿತರಾಗಬಾರದು ಎಂಬುದು ಅದರ ಮೂಲತತ್ತ್ವ. ಸದ್ಯಕ್ಕೆ 40,000 ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ, ಅದರಲ್ಲಿ 2 ಮಂದಿ ವೈದ್ಯರು, 4 ಮಂದಿ ಆರೋಗ್ಯ ದಾದಿಯರು, 4 ಮಂದಿ ಪ್ರಸೂತಿ ಸಹಾಯಕಿಯರು, 4 ಮಂದಿ ತರಬೇತಿ ಪಡೆದ ಸೂಲಗಿತ್ತಿಯರು ಇರಬೇಕೆಂದು ಅದು ಸೂಚಿಸಿತು. ಇವಿಷ್ಟು ತುರ್ತಿನ ಏರ್ಪಾಡು. ಕಾಲಕ್ರಮದಲ್ಲಿ ಇನ್ನೂ ಕಡಿಮೆ ಜನಸಂಖ್ಯೆಗೆ ಇನ್ನೂ ದೊಡ್ಡ ಆಸ್ಪತ್ರೆ ಬರಬೇಕು ಎಂದೂ ಹೇಳಿತ್ತು.

ನಕ್ಷೆ ಬರೆದವರು ಬೇರೆ, ಮನೆ ಕಟ್ಟುವವರು ಬೇರೆ. 1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಯೋಜನೆ ಆರಂಭವಾಗಿ, ಒಂದೊಂದು ಬ್ಲಾಕಿಗೆ ಒಂದೊಂದು ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ತೆರೆಯುವುದೆಂದು ತೀರ್ಮಾನವಾದಾಗ, ಒಂದು ಬ್ಲಾಕಿನಲ್ಲಿ 60,000ದಿಂದ 1 ಲಕ್ಷದವರೆಗೆ ಜನರಿದ್ದರು. ಲೆಕ್ಕ ಹೀಗೆ ಮೊದಲ ಪುಟದಲ್ಲಿಯೇ ತಪ್ಪಿತು. ಸೌಟು ಒಂದೇ, ಉಣ್ಣುವ ಎಲೆಗಳು ಇಮ್ಮಡಿ. 1962ರಲ್ಲಿ ವರದಿ ಕೊಟ್ಟ ಮುದಲಿಯಾರ್ ಸಮಿತಿ, ಹೊಸ ಕೇಂದ್ರಗಳನ್ನು ತೆರೆಯುವ ಮೊದಲು ಇರುವ ಕೇಂದ್ರಗಳಿಗೆ ಶಕ್ತಿ ತುಂಬಿರಿ ಎಂದು ಹೇಳಬೇಕಾಯಿತು.

ಇದೇ ಕಾಲದಲ್ಲಿ ನಮ್ಮ ತುಮಕೂರು ಜಿಲ್ಲೆಯಲ್ಲಿ ನಡೆದ ಒಂದು ಅಧ್ಯಯನವನ್ನು ನಾನು ಮರೆಯಲಾರೆ. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ 1959ರಲ್ಲಿ ಸ್ಥಾಪನೆಯಾಗಿತ್ತು. ಅಲ್ಲಿನ ಡಾ. ಡಿ. ಬ್ಯಾನರ್ಜಿ ಮತ್ತು ಡಾ. ಸ್ಟಿಗ್ ಆಂಡರ್ಸನ್ ಹಳ್ಳಿಗಳ ಕ್ಷಯರೋಗಿಗಳನ್ನು ಮಾತನಾಡಿಸಿ 1963ರಲ್ಲಿ ತಮ್ಮ ಅಧ್ಯಯನವನ್ನು ಪ್ರಕಟಿಸಿದರು. ಹಳ್ಳಿಯವರಿಗೆ ರೋಗದ ಅರಿವಿಲ್ಲ, ಆಸ್ಪತ್ರೆಗೆ ಬರಲು ಮನಸ್ಸಿಲ್ಲ, ಮಂತ್ರ ತಾಯಿತಗಳಿಗೇ ಜೋತುಬಿದ್ದಿದ್ದಾರೆ ಎಂಬುದು ಅಂದಿನ ವಿದ್ಯಾವಂತರ ಸಾಮಾನ್ಯ ನಂಬಿಕೆ. ಅಧ್ಯಯನ ಕಂಡುಕೊಂಡದ್ದೇ ಬೇರೆ. ರೋಗಿಗಳಲ್ಲಿ ಬಹುಪಾಲು ಮಂದಿಗೆ ತಮ್ಮ ಕೆಮ್ಮು ಜ್ವರಗಳ ಅರಿವಿತ್ತು, ಚಿಂತೆಯೂ ಇತ್ತು. ಸುಮಾರು ಅರ್ಧದಷ್ಟು ಮಂದಿ ತಾವಾಗಿಯೇ ಆಸ್ಪತ್ರೆಯ ಬಾಗಿಲಿಗೆ ಬಂದೂ ಇದ್ದರು. ಅಲ್ಲಿ ಅವರಿಗೆ ಸಾಮಾನ್ಯವಾಗಿ ಸಿಕ್ಕಿದ್ದು ಒಂದು ಸೀಸೆ ಕೆಮ್ಮಿನ ಔಷಧ. ಕಫ ಪರೀಕ್ಷೆ ಇಲ್ಲ, ಕ್ಷಯದ ಮದ್ದಿಲ್ಲ. ರೋಗಿ ಬಂದಿದ್ದ, ಬಾರದೆ ಉಳಿದದ್ದು ಆಸ್ಪತ್ರೆ. ಹಳ್ಳಿಯವರ ಅಜ್ಞಾನದ ಬಗ್ಗೆ ಮಾತನಾಡುವ ಮೊದಲು ಪಟ್ಟಣವಾಸಿಗಳಾದ ನಾವು ಈ ಸೀಸೆಯನ್ನು ನೆನೆಯುವುದು ಒಳ್ಳೆಯದು.

ಮುಂದೆ 1978ರಲ್ಲಿ ಆಲ್ಮಾ ಆಟಾದಲ್ಲಿ ಜಗತ್ತಿನ ರಾಷ್ಟ್ರಗಳು ಕೂಡಿ 2000ದ ಇಸವಿಯ ವೇಳೆಗೆ ಎಲ್ಲರಿಗೂ ಆರೋಗ್ಯ ಎಂದು ಸಾರಿದವು. 1983ರಲ್ಲಿ ನಮ್ಮ ಮೊದಲ ರಾಷ್ಟ್ರೀಯ ಆರೋಗ್ಯ ನೀತಿ ಬಂದಿತು. ಇಂದಿಗೂ ನಾವು ಕೇಳುವ ಪ್ರಮಾಣಗಳು ನೆಲೆಗೊಂಡದ್ದು ಆ ವರ್ಷಗಳಲ್ಲಿಯೇ: ಬಯಲುಸೀಮೆಯಲ್ಲಿ 5,000 ಜನರಿಗೆ ಒಂದು ಉಪಕೇಂದ್ರ, 30,000 ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ, 1,20,000 ಜನರಿಗೆ 30 ಹಾಸಿಗೆಯ ಸಮುದಾಯ ಆರೋಗ್ಯ ಕೇಂದ್ರ, ಮಲೆನಾಡು, ಗಿರಿಜನ ಪ್ರದೇಶಗಳಲ್ಲಿ ಇನ್ನೂ ಕಡಿಮೆ ಜನರಿಗೆ. ಕಟ್ಟಡಗಳು ಎದ್ದವು. ನಾನು ಕೆಲಸಕ್ಕೆ ಸೇರಿದ 1975ರಿಂದ ನಿವೃತ್ತನಾದ 2012ರವರೆಗೆ ಇಂಥ ಎಷ್ಟೋ ಕಟ್ಟಡಗಳ ಶಂಕುಸ್ಥಾಪನೆಗೆ ಹಾರ ತುರಾಯಿಗಳ ಬಿಲ್ಲನ್ನು ನಾನೇ ಬರೆದಿದ್ದೇನೆ.

ಆದರೆ ಕಟ್ಟಡ ಬೇರೆ, ಆಸ್ಪತ್ರೆ ಬೇರೆ. ಸರ್ಕಾರದ ಲೆಕ್ಕದಲ್ಲಿ ಪ್ರತಿ ರೂಪಾಯಿಗೂ ಒಂದು ಶೀರ್ಷಿಕೆಯುಂಟು. ವೇತನದ್ದು ವೇತನಕ್ಕೆ, ಔಷಧದ್ದು ಔಷಧಕ್ಕೆ, ಕಟ್ಟಡದ್ದು ಕಟ್ಟಡಕ್ಕೆ. ಒಂದು ಶೀರ್ಷಿಕೆಯ ಹಣವನ್ನು ಇನ್ನೊಂದಕ್ಕೆ ಹಾಕಿದರೆ ಅದು ಅಪರಾಧ. ಈ ಕಟ್ಟಳೆ ಇಲ್ಲದಿದ್ದರೆ ಹಣ ಯಾವ ದಾರಿ ಹಿಡಿಯುತ್ತದೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ. ಆದರೂ ಇದರ ಇನ್ನೊಂದು ಮುಖವನ್ನು ನೋಡಿ. ಹೆರಿಗೆ ಕೋಣೆಯ ಬಲ್ಬು ಸುಟ್ಟುಹೋಯಿತು, ಬಲ್ಬಿಗೆ ಶೀರ್ಷಿಕೆಯಿಲ್ಲ. ನಲ್ಲಿ ಕೆಟ್ಟಿತು, ಅದು ಲೋಕೋಪಯೋಗಿ ಇಲಾಖೆಯ ಕೆಲಸ, ಅವರಿಗೆ ಪತ್ರ ಬರೆಯಬೇಕು. ಕಿಟಕಿಗೆ ಪರದೆಯಿಲ್ಲ, ಹೆಂಗಸರು ಪರೀಕ್ಷೆಗೆ ಮಲಗಲು ನಾಚುತ್ತಾರೆ; ಪರದೆಯ ಬೇಡಿಕೆ ತಾಲ್ಲೂಕಿಗೆ, ಅಲ್ಲಿಂದ ಜಿಲ್ಲೆಗೆ ಹೋಗಿ ಬರಬೇಕು. ಲಕ್ಷಾಂತರ ರೂಪಾಯಿಯ ಕಟ್ಟಡ 10 ರೂಪಾಯಿಯ ಬಲ್ಬಿಲ್ಲದೆ ಕತ್ತಲಲ್ಲಿ ಕುಳಿತಿರುವುದನ್ನು ನಾನು ಕಂಡಿದ್ದೇನೆ.

ಈ ಕಗ್ಗಂಟನ್ನು ಸಡಿಲಿಸಲು ಮೊದಲ ನಿಜವಾದ ಪ್ರಯತ್ನ ನಡೆದದ್ದು 2005ರಲ್ಲಿ. ಆ ವರ್ಷ ಏಪ್ರಿಲ್ 12ರಂದು ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಆರಂಭವಾಯಿತು. 2013ರಿಂದ ಅದು ನಗರಗಳನ್ನೂ ಸೇರಿಸಿಕೊಂಡು ರಾಷ್ಟ್ರೀಯ ಆರೋಗ್ಯ ಅಭಿಯಾನವಾಯಿತು. ಮೊದಮೊದಲು ಕೇಂದ್ರ ಸರ್ಕಾರವೇ ಪೂರ್ತಿ ಹಣ ಕೊಡುತ್ತಿತ್ತು. ಬರಬರುತ್ತ ರಾಜ್ಯಗಳ ಪಾಲು ಏರಿ, 2015-16ರಿಂದ ನಮ್ಮಂಥ ರಾಜ್ಯಗಳಿಗೆ ಕೇಂದ್ರದ್ದು 60, ರಾಜ್ಯದ್ದು 40 ಎಂದಾಯಿತು.

ಈ ಅಭಿಯಾನದ ಅಂಗಗಳು ಅನೇಕ. ಸುಮಾರು 1,000 ಜನರಿಗೆ ಒಬ್ಬರಂತೆ ಆಯಾ ಊರಿನ ಹೆಣ್ಣುಮಗಳೇ ಆಶಾ ಕಾರ್ಯಕರ್ತೆಯಾದಳು. ಬಡ ಗರ್ಭಿಣಿ ಆಸ್ಪತ್ರೆಯಲ್ಲಿ ಹೆತ್ತರೆ ಜನನಿ ಸುರಕ್ಷಾ ಯೋಜನೆಯಂತೆ ನಮ್ಮ ರಾಜ್ಯದ ಹಳ್ಳಿಗಳಲ್ಲಿ 700 ರೂಪಾಯಿ ಕೊಡುವ ಏರ್ಪಾಡಾಯಿತು. 2008ರ ನವೆಂಬರ್ 1ರಂದು ಕರ್ನಾಟಕದಲ್ಲಿ 108ರ ಆಂಬುಲೆನ್ಸ್ ಸೇವೆ ಆರಂಭವಾಯಿತು. ಆದರೆ ಲೆಕ್ಕದವನಾದ ನನ್ನ ಕಣ್ಣಿಗೆ ಎಲ್ಲಕ್ಕಿಂತ ದೊಡ್ಡದಾಗಿ ಕಂಡದ್ದು ಒಂದು ಸಣ್ಣ ಮೊತ್ತ. ಪ್ರತಿ ಉಪಕೇಂದ್ರಕ್ಕೆ ವರ್ಷಕ್ಕೆ 10,000 ರೂಪಾಯಿ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ 25,000 ರೂಪಾಯಿ, ಪ್ರತಿ ಹಳ್ಳಿಯ ಆರೋಗ್ಯ ಮತ್ತು ನೈರ್ಮಲ್ಯ ಸಮಿತಿಗೆ 10,000 ರೂಪಾಯಿ. ಇದಕ್ಕೆ ಇಟ್ಟ ಹೆಸರು ಮುಕ್ತ ನಿಧಿ, ಎಂದರೆ ಯಾವ ಶೀರ್ಷಿಕೆಯ ಗೂಟಕ್ಕೂ ಕಟ್ಟದ ಹಣ. ಸಂಬಳಕ್ಕೆ, ವಾಹನ ಕೊಳ್ಳುವುದಕ್ಕೆ ಬಳಸಕೂಡದು. ಉಳಿದಂತೆ ಬಲ್ಬು, ನಲ್ಲಿ, ಪರದೆ, ಬ್ಲೀಚಿಂಗ್ ಪುಡಿ, ತುರ್ತಾಗಿ ರೋಗಿಯನ್ನು ಸಾಗಿಸುವ ಬಾಡಿಗೆ, ಹೀಗೆ ಸ್ಥಳದಲ್ಲಿದ್ದವರಿಗೆ ಅಗತ್ಯವೆಂದು ತೋರಿದ್ದಕ್ಕೆ ಬಳಸಬಹುದು. ಉಪಕೇಂದ್ರದ ಹಣಕ್ಕೆ ಅಲ್ಲಿನ ದಾದಿಯೂ ಪಂಚಾಯಿತಿಯ ಪ್ರತಿನಿಧಿಯೂ ಕೂಡಿ ಸಹಿ ಮಾಡಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಜನಪ್ರತಿನಿಧಿಗಳೂ ಊರಿನವರೂ ಇರುವ ಆರೋಗ್ಯ ರಕ್ಷಾ ಸಮಿತಿ. ಊರಿನ ಕೈಗೆ, ಊರಿನ ಆಸ್ಪತ್ರೆಗಾಗಿ, ಊರಿನ ವಿವೇಚನೆಯಂತೆ ಖರ್ಚು ಮಾಡಲು ಸರ್ಕಾರ ಕೊಟ್ಟ ಹಣ ಅದು.

ಇಲ್ಲಿ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ನಾನಾಗ ಒಂದು ತಾಲ್ಲೂಕಿನ ಆರೋಗ್ಯ ಕಚೇರಿಯಲ್ಲಿದ್ದೆ. ಊರು, ಕಚೇರಿಗಳ ಹೆಸರು ಬೇಡ. 2007ರ ಫೆಬ್ರವರಿಯಲ್ಲಿ ದೂರದ ಉಪಕೇಂದ್ರವೊಂದರ ನರ್ಸಮ್ಮ ಬಸ್ಸಿಳಿದು ಬಂದು ನನ್ನ ಮೇಜಿನ ಮುಂದೆ ನಿಂತರು. ಅವರ ಹೆರಿಗೆ ಕೋಣೆಗೆ ನೀರಿಲ್ಲ. ಒಂದು ತೊಟ್ಟಿ, ಒಂದಿಷ್ಟು ಪೈಪು, ಒಂದು ನಲ್ಲಿ ಹಾಕಿಸಲು 6,000 ರೂಪಾಯಿ ಸಾಕು. ಮುಕ್ತ ನಿಧಿ ಬ್ಯಾಂಕಿನಲ್ಲಿದೆ. ಊರಿನ ಕೆಲಸಗಾರ ಒಪ್ಪಿದ್ದಾನೆ, ಪಂಚಾಯಿತಿಯವರೂ ಒಪ್ಪಿದ್ದಾರೆ. "ಮಾಡಿಸಬಹುದೇ ಸಾರ್?" ಎಂದು ಕೇಳಿದರು.

ನಿಯಮದ ಪ್ರಕಾರ ಅವರು ನನ್ನನ್ನು ಕೇಳಬೇಕಾಗಿಯೇ ಇರಲಿಲ್ಲ. ಹಣವೂ ಅವರದು, ಅಧಿಕಾರವೂ ಅವರದು. ಆದರೆ ಅವರಿಗೆ ಭಯ: ನಾಳೆ ಆಡಿಟಿನವರು ಬಂದು ಕೇಳಿದರೆ? ನನಗೂ ಭಯ, 30 ವರ್ಷಗಳಿಂದ ಮೈಗೂಡಿದ ಭಯ. "ಮೂರು ಕಡೆಯಿಂದ ದರಪಟ್ಟಿ ತನ್ನಿ ಸಿಸ್ಟರ್, ಆಮೇಲೆ ನೋಡೋಣ" ಎಂದೆ. ಆ ಊರಿನಲ್ಲಿ ನಲ್ಲಿ ಕೂರಿಸಲು ಬರುವವನು ಒಬ್ಬನೇ ಎಂದರು. "ಹಾಗಾದರೆ ಪಟ್ಟಣದಿಂದ ತರಿಸಿ" ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೂರು ದರಪಟ್ಟಿ ಬರೋತನಕ ಹೆರಿಗೆ ಕಾಯುತ್ತದೆಯೇ ಸಾರ್?" ಎಂದು ಕೇಳಿ ಹೊರಟುಹೋದರು. ಮಾರ್ಚ್ 31 ಬಂದಿತು, ಹೋಯಿತು. ಹಣ ಖಾತೆಯಲ್ಲಿಯೇ ಉಳಿಯಿತು. ನನ್ನ ಪುಸ್ತಕದಲ್ಲಿ ಒಂದು ಪೈಸೆಯೂ ತಪ್ಪಿರಲಿಲ್ಲ.

ಜೂನ್ ತಿಂಗಳ ಒಂದು ರಾತ್ರಿ ಆ ಉಪಕೇಂದ್ರದಲ್ಲಿ ಹೆರಿಗೆಯಾಯಿತು. ನರ್ಸಮ್ಮ ಬೀದಿಯ ಬೋರ್‌ವೆಲ್ಲಿನಿಂದ ಕೊಡಗಳಲ್ಲಿ ನೀರು ಹೊರಿಸಿಕೊಂಡು ಕೆಲಸ ಮುಗಿಸಿದರು. ಮಗು ಚೆನ್ನಾಗಿತ್ತು. ಮೂರನೆಯ ದಿನ ತಾಯಿಗೆ ಬಾಣಂತಿ ಜ್ವರ ಏರಿ, ಜಿಲ್ಲಾಸ್ಪತ್ರೆಯಲ್ಲಿ 9 ದಿನ ಇರಬೇಕಾಯಿತು. ಆಕೆ ಉಳಿದರು. ನೀರಿಲ್ಲದ್ದೇ ಜ್ವರಕ್ಕೆ ಕಾರಣವೆಂದು ಯಾವ ವೈದ್ಯರೂ ಬರೆಯಲಿಲ್ಲ. ಆದರೆ ಆಕೆಯನ್ನು ಸಾಗಿಸಿದ ವಾಹನದ ಬಾಡಿಗೆ ಚೀಟಿ ನನ್ನ ಮೇಜಿಗೆ ಬಂದಾಗ ನನ್ನ ಕಣ್ಣ ಮುಂದೆ ಬಂದದ್ದು ಹಳ್ಳದ ದಡದ ಅರಳೀಕಟ್ಟೆ. ಆ ವಾರವೇ ನಾನು ಆ ಉಪಕೇಂದ್ರಕ್ಕೆ ಹೋದೆ. ತೊಟ್ಟಿ, ನಲ್ಲಿ ಎಲ್ಲ ಸೇರಿ 5,800 ರೂಪಾಯಿ ಆಯಿತು. ದರಪಟ್ಟಿ ಒಂದೇ. ಆಡಿಟಿನವರು ಬಂದರು, ನೋಡಿದರು, ಹೋದರು, ಏನೂ ಕೇಳಲಿಲ್ಲ.

ಇದು ನನ್ನೊಬ್ಬನ ಕಥೆಯಾಗಿದ್ದರೆ ಇಷ್ಟು ಹೊತ್ತು ಹೇಳಬೇಕಾಗಿರಲಿಲ್ಲ. ದೇಶದ ಲೆಕ್ಕವೂ ಇದೇ ಕಥೆಯನ್ನು ಹೇಳುತ್ತದೆ. ಭಾರತದ ಮಹಾಲೇಖಪಾಲರು 2017ರಲ್ಲಿ ಕೊಟ್ಟ ವರದಿಯಂತೆ, 27 ರಾಜ್ಯಗಳ ಆರೋಗ್ಯ ಸಂಘಗಳಲ್ಲಿ ಖರ್ಚಾಗದೆ ಉಳಿದಿದ್ದ ಅಭಿಯಾನದ ಹಣ 2011-12ರಲ್ಲಿ 7,375 ಕೋಟಿ ರೂಪಾಯಿ. 2015-16ರಲ್ಲಿ ಅದು 9,509 ಕೋಟಿಗೆ ಏರಿತ್ತು. ಬಡ ದೇಶದ ಬಡ ಹಳ್ಳಿಗಳಿಗೆಂದು ಇಟ್ಟ ಹಣ ಖರ್ಚಾಗದೆ ಉಳಿಯುವುದು ಹೇಗೆ? ಕೇಂದ್ರದಿಂದ ರಾಜ್ಯದ ಖಜಾನೆಗೆ, ಖಜಾನೆಯಿಂದ ರಾಜ್ಯ ಆರೋಗ್ಯ ಸಂಘಕ್ಕೆ, ಅಲ್ಲಿಂದ ಜಿಲ್ಲೆಗೆ, ಜಿಲ್ಲೆಯಿಂದ ಕೇಂದ್ರಗಳಿಗೆ ಹಣ ಇಳಿಯಬೇಕು. ಒಂದೊಂದು ಮೆಟ್ಟಿಲಿನಲ್ಲಿಯೂ ಹಿಂದಿನ ಕಂತಿನ ಬಳಕೆ ಪ್ರಮಾಣಪತ್ರ ಬಂದ ಹೊರತು ಮುಂದಿನ ಕಂತಿಲ್ಲ. ಏಪ್ರಿಲಿನ ಹಣ ಕೆಲವೊಮ್ಮೆ ಡಿಸೆಂಬರಿನಲ್ಲಿ ಮುಟ್ಟುತ್ತದೆ. ಮೂರು ತಿಂಗಳಲ್ಲಿ ವರ್ಷದ ಕೆಲಸ ಮುಗಿಯುವುದಿಲ್ಲ. ಮುಗಿಯದ್ದರಿಂದ ಪ್ರಮಾಣಪತ್ರ ಹೋಗುವುದಿಲ್ಲ. ಹೋಗದ್ದರಿಂದ ಮುಂದಿನ ಕಂತು ತಡವಾಗುತ್ತದೆ. ಗಾಣದ ಎತ್ತು ಸುತ್ತಿದ ಹಾಗೆ ಇದು ಸುತ್ತುತ್ತದೆ. ಇದರ ಮೇಲೆ ಕೆಲಸ ಮಾಡಬೇಕಾದ ವೈದ್ಯರ, ದಾದಿಯರ ಹುದ್ದೆಗಳೇ ಖಾಲಿಯಿದ್ದರೆ, ಖರ್ಚು ಮಾಡುವವರಾದರೂ ಯಾರು?

ಹಾಗೆಂದು ಹಣ ನೀರಿನಲ್ಲಿ ಹೋಮವಾಯಿತು ಎನ್ನುವವರ ಪಂಗಡಕ್ಕೆ ನಾನು ಸೇರಿದವನಲ್ಲ. ಅಂಕಿ ಅಂಶಗಳು ಅದಕ್ಕೆ ಒಪ್ಪುವುದಿಲ್ಲ. ಹೆರಿಗೆಯ ಕಾರಣದಿಂದ ಸಾಯುವ ತಾಯಂದಿರ ಸಂಖ್ಯೆಯನ್ನು 1 ಲಕ್ಷ ಜೀವಂತ ಜನನಗಳಿಗೆ ಇಷ್ಟು ಎಂದು ಲೆಕ್ಕ ಹಾಕುತ್ತಾರೆ. ಕರ್ನಾಟಕದಲ್ಲಿ 2004-06ರಲ್ಲಿ ಈ ಸಂಖ್ಯೆ 213 ಇತ್ತು. 2018-20ರ ವೇಳೆಗೆ 69ಕ್ಕೆ ಇಳಿಯಿತು. ಈ ಇಳಿತಕ್ಕೆ ರಸ್ತೆ, ವಿದ್ಯೆ, ಊಟ ಎಲ್ಲವೂ ಸೇರಿ ಕಾರಣವಾಗಿವೆ; ಆದರೂ ನಡುರಾತ್ರಿ ಗರ್ಭಿಣಿಯ ಜೊತೆ ಆಂಬುಲೆನ್ಸ್ ಹತ್ತಿದ ಆಶಾ ಕಾರ್ಯಕರ್ತೆಯ ಪಾಲನ್ನು ಯಾರೂ ಅಲ್ಲಗಳೆಯಲಾರರು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಹೆಣ್ಣುಮಕ್ಕಳನ್ನು ಗೌರವಿಸಿತು. ಆದರೆ ತಮ್ಮ ದುಡಿಮೆಯ ಪ್ರೋತ್ಸಾಹಧನ ತಿಂಗಳಿಗೆ ಸರಿಯಾಗಿ ಕೈಗೆ ಬರಲೆಂದು ಅವರು ಮತ್ತೆ ಮತ್ತೆ ಬೀದಿಗಿಳಿಯಬೇಕಾಗಿ ಬಂದದ್ದೂ ಅಷ್ಟೇ ನಿಜ. ಇದೇ 2018-20ರ ಲೆಕ್ಕದಲ್ಲಿ ನೆರೆಯ ಕೇರಳದ ಸಂಖ್ಯೆ 19. ಅಷ್ಟು ಕೆಳಗಿಳಿಯಲು ಸಾಧ್ಯವಿದೆಯೆಂದ ಮೇಲೆ, ನಮ್ಮ 69ರಲ್ಲಿ 50 ತಾಯಂದಿರು ಉಳಿಯಬಹುದಾಗಿದ್ದವರು ಎಂದೇ ಅರ್ಥ. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡು, ಅವರಿಗೆ ಏರಿಸಿದ್ದ ಸಲೈನಿನ ಗುಣಮಟ್ಟದ ಮೇಲೆಯೇ ಸಂಶಯ ಮೂಡಿದಾಗ, ಹಣ ಖರ್ಚಾದರೆ ಸಾಲದು, ಖರ್ಚಿನಿಂದ ಬಂದ ವಸ್ತು ಒಳ್ಳೆಯದಾಗಿರಬೇಕು ಎಂಬ ಪಾಠವನ್ನೂ ನಾವು ಕಲಿಯಬೇಕಾಯಿತು.

ಇನ್ನು ಒಟ್ಟು ಹಣದ ಮಾತು. 2017ರ ರಾಷ್ಟ್ರೀಯ ಆರೋಗ್ಯ ನೀತಿ, 2025ರ ವೇಳೆಗೆ ಸರ್ಕಾರಗಳು ಕೂಡಿ ದೇಶದ ಒಟ್ಟು ಉತ್ಪನ್ನದ ಶೇಕಡಾ 2.5ರಷ್ಟನ್ನು ಆರೋಗ್ಯಕ್ಕೆ ಖರ್ಚು ಮಾಡಬೇಕು, ಅದರಲ್ಲಿ ಮೂರನೇ ಎರಡು ಪಾಲು ಪ್ರಾಥಮಿಕ ಆರೋಗ್ಯಕ್ಕೇ ಹೋಗಬೇಕು ಎಂದು ಗುರಿಯಿಟ್ಟಿತು. 2013-14ರಲ್ಲಿ ಈ ಖರ್ಚು ಶೇಕಡಾ 1.15, ಕೋವಿಡ್ ಮಾರಿ ಕಾಡಿದ 2021-22ರಲ್ಲಿ ಶೇಕಡಾ 1.84. ಏರಿಕೆ ಸಣ್ಣದಲ್ಲ. ಅದೇ ಅವಧಿಯಲ್ಲಿ, ಒಟ್ಟು ಆರೋಗ್ಯ ವೆಚ್ಚದಲ್ಲಿ ಜನ ತಮ್ಮ ಕೈಯಿಂದಲೇ ತೆರುವ ಪಾಲು ಶೇಕಡಾ 64.2ರಿಂದ 39.4ಕ್ಕೆ ಇಳಿಯಿತು. ಸರ್ಕಾರದ ರೂಪಾಯಿ ಹಿಂದೆ ಸರಿದಾಗ ಆ ಜಾಗಕ್ಕೆ ಬರುವುದು ಬಡವನ ರೂಪಾಯಿಯೇ: ಹಸು ಮಾರಿದ್ದು, ಓಲೆ ಅಡವಿಟ್ಟದ್ದು, ಬಡ್ಡಿಗೆ ತಂದದ್ದು.

2018ರಿಂದ ವಿಮೆಯ ಯೋಜನೆಗಳು ಬಲವಾಗಿ ಬಂದಿವೆ. ದೊಡ್ಡ ಕಾಯಿಲೆ ಬಂದವನಿಗೆ 5 ಲಕ್ಷ ರೂಪಾಯಿಯವರೆಗಿನ ಚಿಕಿತ್ಸೆ ದೊರೆತರೆ ಅದು ವರವೇ ಸರಿ. ಆದರೆ ವಿಮೆಯ ಹಣ ಹರಿಯುವುದು ಮಂಚ ಹಿಡಿದ ಮೇಲೆ. ರಕ್ತದ ಒತ್ತಡ ನೋಡಿ ದಿನಕ್ಕೊಂದು ಮಾತ್ರೆ ಕೊಟ್ಟು ಪಾರ್ಶ್ವವಾಯು ತಪ್ಪಿಸುವ ಕೆಲಸ ಉಪಕೇಂದ್ರದ್ದು. ಆ ಮಾತ್ರೆಗೆ ಹಣವಿಲ್ಲದೆ ಹೋದರೆ, ಮುಂದೆ ಅದರ ಸಾವಿರ ಪಾಲನ್ನು ನಾವು ಪಟ್ಟಣದ ಆಸ್ಪತ್ರೆಗೆ ಕಟ್ಟಬೇಕಾಗುತ್ತದೆ. ಈ ಸತ್ಯ ತಿಳಿದೇ ಇರಬೇಕು, 15ನೆಯ ಹಣಕಾಸು ಆಯೋಗ 2021ರಿಂದ 2026ರವರೆಗಿನ ಐದು ವರ್ಷಗಳಿಗೆ, ಸ್ಥಳೀಯ ಸಂಸ್ಥೆಗಳ ಮೂಲಕ ಪ್ರಾಥಮಿಕ ಆರೋಗ್ಯಕ್ಕೆಂದೇ 70,051 ಕೋಟಿ ರೂಪಾಯಿಯ ಅನುದಾನವನ್ನು ಶಿಫಾರಸು ಮಾಡಿತು. ಪಂಚಾಯಿತಿಯ ಕೈಗೆ ಆರೋಗ್ಯದ ಹಣ ಸೇರಬೇಕೆಂಬ ಮಾತು ಹೀಗೆ ಮತ್ತೊಮ್ಮೆ ಅಧಿಕೃತವಾಗಿ ಬಂದಿದೆ.

ಆ ಕೈ ಬಲವಾಗಿರಬಲ್ಲುದು ಎಂಬುದಕ್ಕೆ ಸಾಕ್ಷಿ ನಮ್ಮಲ್ಲಿಯೇ ಇದೆ. ಚಾಮರಾಜನಗರ ಜಿಲ್ಲೆಯ ಗುಂಬಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು 1996ರಲ್ಲಿ ಡಾ. ಎಚ್. ಸುದರ್ಶನ್ ಅವರ ಕರುಣಾ ಟ್ರಸ್ಟ್ ಸರ್ಕಾರದಿಂದ ವಹಿಸಿಕೊಂಡು ನಡೆಸಿತು. ಅದು ಸರ್ಕಾರದ್ದೇ ಕೇಂದ್ರ. ವೈದ್ಯರು ಊರಿನಲ್ಲಿಯೇ ಉಳಿದರೆ, ಔಷಧದ ಕಪಾಟು ಖಾಲಿಯಾಗದಂತೆ ನೋಡಿಕೊಂಡರೆ, ಜನರಿಗೆ ಉತ್ತರ ಹೇಳುವ ಹೊಣೆ ಹೊತ್ತರೆ, ಸರ್ಕಾರಿ ಆಸ್ಪತ್ರೆಯೂ ಆಸ್ಪತ್ರೆಯೇ ಆಗುತ್ತದೆ ಎಂಬುದನ್ನು ನಾವು ಅಲ್ಲಿ ಕಾಣಬಹುದು. ಎಲ್ಲ ಊರಿಗೂ ಒಬ್ಬ ಸುದರ್ಶನ್ ಸಿಗಲಾರರು. ಆದ್ದರಿಂದಲೇ ಊರಿನವರು ಎಚ್ಚರವಾಗಿರಬೇಕು.

ಪಟ್ಟಣದಲ್ಲಿ ಕುಳಿತು ಈ ಮಾತು ಕೇಳುತ್ತಿರುವ ನಿಮ್ಮಲ್ಲಿ ಬಹುಮಂದಿಗೆ ಹಿಂದೊಂದು ಹಳ್ಳಿಯಿದೆ. ಹಬ್ಬಕ್ಕೋ ಜಾತ್ರೆಗೋ ಅಲ್ಲಿಗೆ ಹೋಗುತ್ತೀರಿ. ಮುಂದಿನ ಸಲ ಹೋದಾಗ ದೇವಸ್ಥಾನದ ಜೊತೆಗೆ ಉಪಕೇಂದ್ರಕ್ಕೂ ಒಮ್ಮೆ ಹೋಗಿ ಬನ್ನಿ. ಆರೋಗ್ಯ ರಕ್ಷಾ ಸಮಿತಿಯಲ್ಲಿ ಯಾರಿದ್ದಾರೆ, ಕಳೆದ ಸಭೆ ಎಂದು ನಡೆಯಿತು, ಮುಕ್ತ ನಿಧಿ ಎಷ್ಟು ಬಂತು, ಯಾವುದಕ್ಕೆ ಹೋಯಿತು, ಎಷ್ಟು ಉಳಿಯಿತು ಎಂದು ಮರ್ಯಾದೆಯಿಂದ ಕೇಳಿ. ಕೇಳುವವರಿದ್ದಾರೆಂದು ಗೊತ್ತಾದರೆ ಹಣ ಕದಿಯುವವನ ಕೈ ತಡೆಯುತ್ತದೆ. ಅಷ್ಟೇ ಮುಖ್ಯವಾಗಿ, ನನ್ನಂತೆ ಹಣ ಖರ್ಚು ಮಾಡಲು ಹೆದರುವ ಗುಮಾಸ್ತನ ಕೈಗೆ ಧೈರ್ಯವೂ ಬರುತ್ತದೆ.

ಕಳೆದ ವರ್ಷ ನಾನು ನಮ್ಮೂರಿಗೆ ಹೋಗಿದ್ದೆ. ಹಳ್ಳಕ್ಕೆ ಸೇತುವೆಯಾಗಿದೆ. ಅರಳೀಕಟ್ಟೆಯಿಂದ ಸ್ವಲ್ಪ ದೂರದಲ್ಲಿ ಉಪಕೇಂದ್ರವಿದೆ. ಒಳಗೆ ಹೋಗಿ, ಯಾರಿಗೂ ಏನೂ ಹೇಳದೆ, ಹೆರಿಗೆ ಕೋಣೆಯ ನಲ್ಲಿಯನ್ನು ತಿರುಗಿಸಿ ನೋಡಿದೆ. ನೀರು ಬಂತು. ಅಲ್ಲಿದ್ದ ಹುಡುಗಿ, ಹೊಸದಾಗಿ ಕೆಲಸಕ್ಕೆ ಬಂದಿದ್ದ ದಾದಿ, "ಕೈ ತೊಳೀಬೇಕಿತ್ತಾ ತಾತ?" ಎಂದು ಕೇಳಿದಳು. ಹೌದಮ್ಮ ಎಂದೆ.